ಒಳಗೋಡೆಯ ಡಬ್ಬಿ

ಡೈರಿಯ ಸರ್ವ ಸದಸ್ಯರ ಸಭೆಯಲ್ಲಿ ಕುಳ್ಳಮ್ಮ ಕೈ ಎತ್ತಿದಳು. ಹಾಲು ಪರೀಕ್ಷೆ ಮಾಡುವ ದಿಲೀಪ ಓಡಿಹೋಗಿ ಆ ಕೈಗೊಂದು ಪುಳಿಯೋಗರೆ ಪೊಟ್ಟಣ ಇಟ್ಟ.

ಅವನನ್ನು ಬಯ್ಯುವಂತಿಲ್ಲ. ಕೆಲಸಕ್ಕೆ ಸೇರಿ ಆಗಿನ್ನೂ ಒಂದು ಮಳೆಗಾಲ ಕಳೆದಿರಲಿಲ್ಲ. ಅಕ್ಕಿಹೆಬ್ಬಾಳಿನಾಚೆಯ ಆ ಊರಲ್ಲಿ ಸಭೆಯ ಹೊತ್ತು ಕೈ ಎತ್ತಿದರೆ ಪೊಟ್ಟಣ ಬಂದಿಲ್ಲ ಅಂತಲೇ ಅರ್ಥ. ವರದಿ ಓದುತ್ತಾರೆ, ಚಪ್ಪಾಳೆ ಬೀಳುತ್ತದೆ, ಊಟ ಬರುತ್ತದೆ. ನಡುವೆ ಯಾರಾದರೂ ಪ್ರಶ್ನೆ ಕೇಳಬಹುದೆಂಬುದು ಬಿ.ಕಾಂ. ಮುಗಿಸಿದ ದಿಲೀಪನಿಗೂ ಹೊಳೆದಿರಲಿಲ್ಲ. ಸಹಕಾರ ತತ್ವ ಅವನಿಗೆ ಒಂದು ಪಾಠವಾಗಿತ್ತು, ಒಳ್ಳೆ ಅಂಕವೂ ಬಂದಿತ್ತು.

ಕುಳ್ಳಮ್ಮ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಇನ್ನೊಂದು ಕೈ ಎತ್ತಿದಳು. ದಿಲೀಪ ಇನ್ನೊಂದು ಪೊಟ್ಟಣ ತರಲು ತಿರುಗಿದ್ದ.

"ಊಟ ಬ್ಯಾಡ ಕಣ್ಲಾ, ಕೂತ್ಕೊ," ಅಂದಳು. ಆಮೇಲೆ ಅಧ್ಯಕ್ಷ ಹೊನ್ನಪ್ಪನ ಕಡೆ ತಿರುಗಿ, "ಹೊನ್ನಪ್ಪಣ್ಣ, ಓದ್ಸಲಾನೂ ಕೇಳಿದ್ದೆ. ಆ ಡಬ್ಬೀನ ಯಾವಾಗ ಈಚೆ ಹಾಕ್ತೀರಿ?"

ಹೆಸರು ಕುಳ್ಳಮ್ಮ, ಆಳು ಮಾತ್ರ ಬಾಗಿಲಿಗೆ ತಲೆ ತಗುಲುವಷ್ಟು ಎತ್ತರ. ಆಚಾರರ ಮನೆಯ ಹೆಣ್ಣು. ಗಂಡ ಮೈಸೂರಿನಲ್ಲಿ ಬಾಗಿಲು, ಕಿಟಕಿ ಮಾಡುವ ಅಂಗಡಿಗೆ ಹೋಗುತ್ತಿದ್ದ. ಇವಳಿಗೊಂದು ಹಸು, ಡೈರಿಯಲ್ಲೊಂದು ಮೆಂಬರ್‌ಗಿರಿ. ಹೊಲ ಗದ್ದೆ ಇಲ್ಲದ ಮನೆಗೆ ಊರಿನ ದೊಡ್ಡವರ ಸಮಕ್ಕೆ ಕೂತು ಮಾತಾಡಲು ಇದ್ದ ಜಾಗ ಅದೊಂದೇ.

ಅವಳು ಕೇಳಿದ್ದು ಹಾಲಿನ ಮಿಷಿನ್ನಿನ ಜೊತೆಗೇ ಬಂದ, ಅಂಕಿ ತೋರಿಸುವ ಡಬ್ಬಿ. ಕಿಟಕಿಯ ಹೊರಗೆ ನೇತುಹಾಕಿದರೆ ಹಾಲು ಹಾಕಿದವರು ತಮ್ಮ ಲೀಟರು, ಫ್ಯಾಟು ತಾವೇ ನೋಡಬಹುದು. ಆದರೆ ಅದು ಬಂದಾಗಿನಿಂದ ಒಳಗೋಡೆಯಲ್ಲೇ ಇತ್ತು, ಮೇಲೊಂದು ಲಕ್ಷ್ಮಿ ಫೋಟೊ. ದಿಲೀಪ ಅದನ್ನು ಫೋಟೊ ಇಡಲು ಮಾಡಿಸಿದ ಹಲಗೆ ಅಂದುಕೊಂಡು ದಿನಾ ಊದುಬತ್ತಿ ಸಿಕ್ಕಿಸುತ್ತಿದ್ದ. ಚೀಟಿ ಕೊಡುವ ಪ್ರಿಂಟರು ಕೆಟ್ಟು ಎಷ್ಟೋ ಕಾಲವಾಗಿತ್ತು. ದಿಲೀಪ ಬಾಯಲ್ಲಿ ಹೇಳಿದ್ದೇ ಫ್ಯಾಟು, ಹಾಲಿನ ದರವೂ ಅದರ ಮೇಲೆಯೇ.

"ಅದು ಕೆಟ್ಟೋಗದೆ ಕಣವ್ವ. ಮಳೇಲಿ ಬೇರೆ ನೆನೀತದೆ. ಮುಂದ್ಲೊರ್ಸ ನೋಡವ ಬುಡು," ಅಂದ ಹೊನ್ನಪ್ಪ.

"ಓದ್ಸಲ ಬಿಸ್ಲಿಗೆ ಒಣಗ್ತದೆ ಅಂದಿದ್ರಿ."

ಹಿಂದಿನಿಂದ ಯಾರೋ, "ಕುಳ್ಳಮ್ಮ, ಊಟ ತಣ್ಣಗಾಯ್ತದೆ" ಅಂದರು. ಸಭೆ ನಕ್ಕಿತು. ಚಪ್ಪಾಳೆ ಬಿತ್ತು. ವರದಿ ಸರ್ವಾನುಮತದಿಂದ ಒಪ್ಪಿಗೆಯಾಯಿತು.

ಮಾರನೆ ಬೆಳಿಗ್ಗೆ ಹೊನ್ನಪ್ಪ ಒಳಗೆ ಬಂದು ದಿಲೀಪನ ಪಕ್ಕ ಕೂತ. "ಆಚಾರರ ಹಾಲು ಯಾಕೊ ವಾಸ್ನೆ ಬರ್ತದೆ ಕಣ್ಲಾ. ನೋಡ್ಕೊಂಡು ತಗೊ. ನಿನ್ ಕೆಲ್ಸಾನೂ ಪರ್ಮನೆಂಟ್ ಮಾಡ್ಬೇಕಲ್ಲ."

ವಾಸನೆ ಬರುತ್ತದೆಂದು ಗೊತ್ತಾದ ಮೇಲೆ ವಾಸನೆ ಬರದೆ ಇರುತ್ತದೆಯೆ? ಕುಳ್ಳಮ್ಮ ಕ್ಯಾನು ಎತ್ತಿಟ್ಟಾಗ ದಿಲೀಪ ಮುಚ್ಚಳ ತೆಗೆದು, ಅವಳ ಮುಖ ನೋಡದೆ, "ವಾಪಸ್ ಕಣಕ್ಕ, ವಾಸ್ನೆ" ಅಂದ.

"ನಿನ್ ಮೂಗ್ಗೊ, ಹೊನ್ನಪ್ಪಣ್ಣನ ಮೂಗ್ಗೊ?"

ಅವನು ಸೌಟು ತೊಳೆದ. ತೊಳೆದದ್ದನ್ನೇ ಇನ್ನೊಮ್ಮೆ ತೊಳೆದ.

ಅವಳು ಜಗಳವಾಡಲಿಲ್ಲ. ಮನೆಗೆ ಹೋಗಿ ಹೆಪ್ಪು ಹಾಕಿದಳು. ಸಂಜೆ ಮತ್ತೆ ಬಂದಳು, ಸಾಲಲ್ಲಿ ನಿಂತಳು, ವಾಪಸ್ ಹೋದಳು. ಮಾರನೇ ದಿನವೂ ಅದೇ, ಆಮೇಲೂ ಅದೇ. ಸಂಘಕ್ಕೊಂದು ನಿಯಮವಿತ್ತು: ಇಂತಿಷ್ಟು ಕಾಲ ಹಾಲು ಹಾಕದಿದ್ದವರಿಗೆ ಸಭೆಯಲ್ಲಿ ಮಾತಿಲ್ಲ, ಮತವಿಲ್ಲ. ಹೊನ್ನಪ್ಪ ಅದಕ್ಕೇ ಕಾಯುತ್ತಿದ್ದಾನೆಂದು ದಿಲೀಪನಿಗೆ ಗೊತ್ತಿತ್ತು. ಕುಳ್ಳಮ್ಮನಿಗೂ ಗೊತ್ತಿತ್ತು.

"ಮನೇಲೇ ತುಪ್ಪ ಕಾಯಿಸ್ಕೊಳಿ ಕಣಕ್ಕ," ಅಂದ ಒಂದು ದಿನ, ಹಿತವಚನ ಹೇಳುವವನಂತೆ. "ಸುಮ್ನೆ ಯಾಕೆ ದಿನಾ ಓಡಾಟ?"

"ನಾನು ಬರ್ದೆ ಇದ್ರೆ ನಾನೇ ಬುಟ್ಟಂಗಾಯ್ತದೆ. ಬಂದ್ರೆ ನೀವು ಬುಡ್ಸಿದಂಗಾಯ್ತದೆ. ಯಾವ್ದು ಅಂತ ಜನ ನೋಡ್ಲಿ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಯಾಸ. ಸಿಟ್ಟಾಗಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಜನ ನೋಡಲಿಲ್ಲ. ಕುಳ್ಳಮ್ಮನ ಸರದಿ ಬಂತೆಂದರೆ ಇಡೀ ಸಾಲಿಗೆ ಎದುರಿನ ಕರೆಂಟು ಕಂಬದ ಮೇಲೆ ಏನೋ ಕಾಣುತ್ತಿತ್ತು. ದಿಲೀಪನೂ ಬಗ್ಗಿ ನೋಡಿದ್ದ, ಕಂಬವೇ ಇತ್ತು.

ಹೀಗೆ ಹಬ್ಬವೊಂದು ಕಳೆದ ಮೇಲೆ ಒಂದು ಬೆಳಿಗ್ಗೆ, ದಿಲೀಪ "ವಾಪಸ್" ಅನ್ನುವ ಮೊದಲೇ ಕುಳ್ಳಮ್ಮ ಮುಚ್ಚಳ ತೆಗೆದು ಕ್ಯಾನನ್ನು ಹಿಂದೆ ನಿಂತಿದ್ದ ಚೆಲುವಮ್ಮನ ಕಡೆ ಹಿಡಿದಳು. "ಮೂಸಿ ನೋಡು."

ಚೆಲುವಮ್ಮ ಯಾವ ಪಂಗಡಕ್ಕೂ ಸೇರಿದವಳಲ್ಲ. ಸೊಸೆ ಮಲಗಿದ್ದಾಳೆ, ಒಲೆ ಮೇಲೆ ನೀರಿಟ್ಟು ಬಂದಿದ್ದೇನೆ ಅಂತ ಆಗಿನಿಂದ ಗೊಣಗುತ್ತಿದ್ದಳು. ಬೇಗ ಮುಗಿಯಲಿ ಅಂತಲೇ ಮೂಸಿದಳು.

"ಏನೂ ಇಲ್ವಲ್ಲ. ಚೆನ್ನಾಗೇ ಅದೆ."

ಕ್ಯಾನು ಅವಳ ಹಿಂದಿನವರಿಗೆ ಹೋಯಿತು. ಅವರೂ ಮೂಸಿದರು. ಕಂಬ ನೋಡುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಮೂಸಿ, ಕೊನೆಗೆ ಕ್ಯಾನು ಕಿಟಕಿಗೆ ವಾಪಸ್ ಬಂತು. ಎಲ್ಲರೂ ದಿಲೀಪನ ಮೂಗನ್ನೇ ನೋಡುತ್ತಿದ್ದರು. ತನ್ನ ಮೂಗು ಅಷ್ಟು ದೊಡ್ಡದಿದೆ ಅಂತ ಅವನಿಗೆ ಅವತ್ತೇ ಗೊತ್ತಾದದ್ದು.

ಅವನು ಸೌಟು ಇಳಿಸಿ ಅವಳ ಹಾಲು ತೆಗೆದುಕೊಂಡ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಪರ್ಮನೆಂಟ್ ಕೆಲಸ ಹೇಗೂ ಹೋಯಿತಲ್ಲ ಅನ್ನುವ ಬೇಸರದಲ್ಲಿ ಎದ್ದು, ಲಕ್ಷ್ಮಿ ಫೋಟೊವನ್ನು ಮೇಜಿನ ಮೇಲಿಟ್ಟು, ಡಬ್ಬಿ ಬಿಚ್ಚಿ ಊದುಬತ್ತಿಯ ಬೂದಿ ಒರೆಸಿ, ಕಿಟಕಿಯ ಹೊರಗೆ ನೇತುಹಾಕಿ ವೈರು ಸಿಕ್ಕಿಸಿದ. ಕೆಟ್ಟುಹೋಗಿದ್ದ ಡಬ್ಬಿ ಸಿಕ್ಕಿಸಿದ ಕೂಡಲೇ ಉರಿಯಿತು. ಕೆಂಪು ಅಂಕಿಗಳಲ್ಲಿ ಕುಳ್ಳಮ್ಮನ ಫ್ಯಾಟು ಬಂತು.

ಸಭೆಗೆ ಮುಂಚೆ ದಿಲೀಪ ದಿನಾ ಬಾಯಲ್ಲಿ ಹೇಳುತ್ತಿದ್ದದ್ದೂ ಅದೇ ಅಂಕಿಯೇ.

ಚೆಲುವಮ್ಮನದೂ ಹಾಗೇ. ಎಲ್ಲರದೂ ಹಾಗೇ. ಡೈರಿಯಲ್ಲಿ ಯಾರ ಫ್ಯಾಟನ್ನೂ ಯಾರೂ ಕದ್ದಿರಲಿಲ್ಲ. ಕೊನೆಗೆ ಹೊನ್ನಪ್ಪನ ಮನೆಯ ಹಾಲು ಬಂತು. ದುಡ್ಡು ಸುರಿದು ತಂದ ದೊಡ್ಡ ಹಸುವಿನ ಹಾಲು. ಡಬ್ಬಿ ತೋರಿಸಿತು: ಊರಿಗೆಲ್ಲ ತೆಳು ಹಾಲು ಅದೇ. ಯಾರೂ ನಗಲಿಲ್ಲ. ಚೆಲುವಮ್ಮ ಮಾತ್ರ ಒಲೆಯ ಮೇಲಿನ ನೀರು ಮರೆತು ಇನ್ನೂ ಸ್ವಲ್ಪ ಹೊತ್ತು ನಿಂತಳು.

ಸಂಜೆ ಹಾಲಿನ ಹೊತ್ತಿಗೆ ಹೊನ್ನಪ್ಪನೇ ಬಂದ. ಡಬ್ಬಿ ನೋಡಿದ, ದಿಲೀಪನನ್ನು ನೋಡಿದ, ಆಮೇಲೆ ಸಾಲಲ್ಲಿ ಎಲ್ಲರಿಗಿಂತ ಎತ್ತರಕ್ಕೆ ಕಾಣುತ್ತಿದ್ದ ಕುಳ್ಳಮ್ಮನ ಹತ್ತಿರ ಹೋದ.

"ಈಗೇನವ್ವ? ಮೊದ್ಲು ಹೇಳ್ತಿದ್ದುದೇ ತಾನೆ ಬಂದಿರೋದು? ಸಂಘದ ಮಾನಾನ ಬೀದಿಗೆ ಹಾಕ್ಬುಟ್ಟೆ. ಎಲ್ರ ಮುಂದೆ ಹೇಳು, ಅನುಮಾನ ಪಟ್ಟಿದ್ದು ನಂದೇ ತಪ್ಪು ಅಂತ ಒಪ್ಕೋತೀಯಾ ಇಲ್ವಾ?"

ಪ್ರಶ್ನೆ ನ್ಯಾಯವಾಗೇ ಇದೆಯಲ್ಲ ಅಂತ ದಿಲೀಪನಿಗೂ ಅನ್ನಿಸಿತು.

ಕುಳ್ಳಮ್ಮ ಕ್ಯಾನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

"ಲೆಕ್ಕ ಸರಿಯಾಗೇ ಅದೆ ಅಂತ ನಿಮ್ಗೆ ಗೊತ್ತಿತ್ತು, ನಮ್ಗೆ ಗೊತ್ತಿರ್ಲಿಲ್ಲ. ಜರುಗಿ, ಹಾಲು ಹಾಕ್ಬೇಕು."