ನಂಜಮಾವನ ಬಾಯಿ ಇಂಜಿನ್ನು

ನಂಜಮಾವನ ಕಾರಿಗೆ ಸದ್ದೇ ಇರಲಿಲ್ಲ. ಆ ಕೊರತೆ ತುಂಬಲು ದೇವರು ಅವನಿಗೆ ಒಂದು ಬಾಯಿ ಕೊಟ್ಟಿದ್ದ. ಬೆಳಿಗ್ಗೆ ಅಂಗಳದಿಂದ ಕಾರು ಹೊರಡುವಾಗ ಮೊದಲು ಗಂಟಲಿನಿಂದ ಒಂದು ಕೆಮ್ಮು, ಆಮೇಲೆ ‘ಡುಗ್ ಡುಗ್ ಡುಗ್’, ಕೊನೆಗೆ ಕಿಟಕಿಯ ಸರಳು ನಡುಗುವಂಥ ‘ಡುರ್‌ರ್‌ರ್’. ನಮ್ಮೂರು ಚೇಕಾಡಿಯ ಹುಂಜಗಳು ಕೂಗುವ ಕೆಲಸ ಬಿಟ್ಟು ಬೇರೆ ಉದ್ಯೋಗ ಹುಡುಕಿಕೊಂಡಿದ್ದು ಆ ಕಾಲದಲ್ಲೇ. ಏರು ಬಂದರೆ ಅವನ ಎಡಗೈ ಗಾಳಿಯಲ್ಲಿ ಇಲ್ಲದ ಗೇರನ್ನು ಹಿಡಿದು ಎರಡಕ್ಕೆ ಎಳೆಯುತ್ತಿತ್ತು, ಬಾಯಿ ಅದಕ್ಕೆ ತಕ್ಕಂತೆ ಭಾರವಾಗಿ ಗುನುಗುತ್ತಿತ್ತು, ಹಿಂದೆ ಕೂತವರು ತಮಗೇ ಗೊತ್ತಿಲ್ಲದೆ ಮುಂದಕ್ಕೆ ಬಾಗಿ ಗಾಡಿಗೆ ಸಹಾಯ ಮಾಡುತ್ತಿದ್ದರು. ನಿಲ್ಲುವಾಗ ‘ಪ್ಸ್‌ಸ್‌ಸ್’ ಎಂದು ಗಾಳಿ ಬ್ರೇಕು. ಆ ಬ್ರೇಕಿನ ಎಂಜಲು ಪಕ್ಕದ ಸೀಟಿನವರೆಗೂ ಬರುತ್ತಿತ್ತು. ಪಕ್ಕದ ಸೀಟು ನನ್ನದು.

ವಯನಾಡಿನ ಪುಲ್ಪಳ್ಳಿಯಿಂದ ಬತ್ತೇರಿಗೆ ಹೋಗುವ ಖಾಸಗಿ ಬಸ್ಸನ್ನು ನಂಜಮಾವ ಓಡಿಸಿದ್ದು ಎಷ್ಟು ವರ್ಷವೆಂದರೆ, ದಾರಿಯ ಗುಂಡಿಗಳು ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದವು. ಗುಂಡ್ಲುಪೇಟೆ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮಂಥ ಕನ್ನಡದ ಮನೆಗಳು ಚೇಕಾಡಿಯಲ್ಲಿ ಬೆರಳೆಣಿಕೆ. ಅವನದು ನಮ್ಮ ಪಕ್ಕದ್ದು. ರಕ್ತಸಂಬಂಧವೇನೂ ಇಲ್ಲ, ಆದರೂ ಅವನು ಮಾವ, ಅವನ ಹೆಂಡತಿ ಗೌರತ್ತೆ. ಮಂಡಿ ಕ್ಲಚ್ ತುಳಿಯಲು ಒಪ್ಪದಿದ್ದಾಗ ಮಾವ ಬಸ್ಸು ಬಿಟ್ಟ. ಮುಚ್ಚಿಹೋದ ಯಾವುದೋ ರೆಸಾರ್ಟಿನ ಕರೆಂಟಿನ ಪುಟ್ಟ ಕಾರನ್ನು ತಂದ. ಬಾಗಿಲಿಲ್ಲ, ನಾಲ್ಕು ಸೀಟು, ತಲೆಯ ಮೇಲೊಂದು ಬಿಳಿ ಚಪ್ಪರ. ಮೊದಲ ಸಲ ನೋಡಿದಾಗ ಯಾರೋ ಫ್ರಿಜ್ಜಿಗೆ ಚಕ್ರ ಕಟ್ಟಿದ್ದಾರೆ ಅಂದುಕೊಂಡೆ.

ಬಾಯಿ ಇಂಜಿನ್ನು ಶುರುವಾದದ್ದು ಎರಡನೇ ದಿನ. ಗದ್ದೆಯ ಪಕ್ಕದ ಮಣ್ಣುದಾರಿಯಲ್ಲಿ ಕಾಡಂಚಿನ ಹಾಡಿಯ ಕೆಂಪಜ್ಜಿ ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದಳು. ಮಾವ ಅವಳ ಬೆನ್ನ ಹಿಂದೆ ಸದ್ದಿಲ್ಲದೆ ಹೋಗಿ ಹಾರ್ನ್ ಒತ್ತಿದ. ಅದು ಬಾಲ ತುಳಿಸಿಕೊಂಡ ಇಲಿಯ ಹಾಗೆ ‘ಕೀ’ ಅಂತು, ಮತ್ತೆಂದೂ ಬಾಯಿ ಬಿಡಲಿಲ್ಲ. ಅಜ್ಜಿ ಬೆಚ್ಚಿ ಹುಲ್ಲಿನ ಸಮೇತ ಕೆಸರುಗದ್ದೆಗೆ ಇಳಿದಳು. ಮೇಲೆ ಹತ್ತಿಸುವಷ್ಟರಲ್ಲಿ ಮಾವನ ಏಳು ತಲೆಮಾರಿಗೆ ಅರ್ಚನೆ ಮುಗಿದಿತ್ತು.

‘ಏನ್ ಗಾಡಿ ಮಾರಾಯ ಇದು? ಪುಲಿ ಬಂದಂಗೆ ಹಿಂದಿನಿಂದ ಬತ್ತೀಯಲ್ಲ!’

‘ತಪ್ಪಾಯ್ತು ಕನಜ್ಜಿ. ನಾಳಿಂದ ಹೇಳ್ಕಂಡೇ ಬತ್ತೀನಿ.’

ಮರುದಿನದಿಂದ ಹೇಳಿಕೊಂಡೇ ಬಂದ. ಅಜ್ಜಿ ಹಿಂದಿರುಗಿ ನೋಡುವುದನ್ನೂ ಬಿಟ್ಟಳು. ದೂರದಲ್ಲಿ ‘ಡುರ್‌ರ್’ ಕೇಳಿದ ಕೂಡಲೆ ಬದುವಿಗೆ ಸರಿದು, ಹೊರೆಯ ಕೆಳಗಿನಿಂದ ಒಂದು ಕೈ ಎತ್ತಿ ‘ಹೋಗು’ ಎಂದು ಸನ್ನೆ ಮಾಡುತ್ತಿದ್ದಳು.

ಹೂವಿನ ಹೊಲ ನೋಡಲು ಗಡಿ ದಾಟಿ ಗುಂಡ್ಲುಪೇಟೆಗೆ ಹೋಗುವ ಕೋಝಿಕ್ಕೋಡಿನ ಜನರಲ್ಲಿ ಕೆಲವರು ನಮ್ಮ ಕಡೆಗೂ ತಿರುಗುತ್ತಿದ್ದರು. ಅವರನ್ನು ಚೆಂಡುಹೂವಿನ, ಸೂರ್ಯಕಾಂತಿಯ ತಾಕುಗಳ ಸುತ್ತ ಓಡಾಡಿಸುವುದೇ ಮಾವನ ಹೊಸ ರೂಟು. ಬಸ್ಸಿನ ಬಾಗಿಲಲ್ಲಿ ನೇತಾಡುತ್ತಾ ಜನರನ್ನು ಹತ್ತಿಸಿ ಇಳಿಸುವವನಿಗೆ ಇಲ್ಲಿ ಕಿಳಿ ಅನ್ನುತ್ತಾರೆ. ರಜೆಯಲ್ಲಿ ನಾನೇ ಕಿಳಿ, ನಾನೇ ಗೈಡು, ನಿಜ ಹೇಳಬೇಕೆಂದರೆ ಇಡೀ ಕಂಪನಿ ನನ್ನಿಂದಲೇ ನಡೆಯುತ್ತಿತ್ತು. ಸೂರ್ಯಕಾಂತಿ ತೋರಿಸಿ, ‘ಇದರ ಬೀಜ ಆನೆಯ ಹೊಟ್ಟೆಯಲ್ಲಿ ನೆನೆದು ಬಂದದ್ದು, ಅದಕ್ಕೇ ಹೂ ಇಷ್ಟು ದಪ್ಪ’ ಎಂದು ಮಲಯಾಳದಲ್ಲಿ ಸಾರುತ್ತಿದ್ದೆ. ಜನ ಮಾವನ ಮುಖ ನೋಡಿದರೆ ಅವನು ಗಂಭೀರವಾಗಿ ತಲೆ ಆಡಿಸುತ್ತಿದ್ದ. ‘ಅದೇ ಸಾರ್. ಆ ಆನೆ ನಮ್ಮನೆಗೆ ಬೇಕಾದವ್ನೇ.’

ಆ ಬೇಕಾದವನು ಒಂದು ಸಂಜೆ ಬಂದೇಬಿಟ್ಟ. ಬಿದಿರಿನ ತಿರುವಿನಲ್ಲಿ, ದಾರಿಗೆ ಅಡ್ಡವಾಗಿ, ನಮ್ಮ ಶಾಲೆಯ ಕಟ್ಟಡದಷ್ಟು... ಆಯಿತು, ಶಾಲೆಯ ಅಡುಗೆಮನೆಯಷ್ಟು ದೊಡ್ಡವನು. ಹಿಂದಿನ ಸೀಟಿನ ನವದಂಪತಿ ಒಬ್ಬರ ಕೊರಳೊಳಗೆ ಒಬ್ಬರು ಹೋದರು. ಮಾವ ಬಾಯಿ ಮುಚ್ಚಿದ. ಗಾಡಿಯ ಸದ್ದು ಪಕ್ಕನೆ ನಿಂತಿತು, ಚಕ್ರ ಮಾತ್ರ ನಿಧಾನವಾಗಿ ಹಿಂದೆ ಹಿಂದೆ ಉರುಳಿತು. ಆನೆ ಕಿವಿ ಬೀಸಿ ನೋಡಿತು. ಇಂಥ ತೆಪ್ಪಗಿನ ಗಾಡಿಯನ್ನು ಅದು ಹುಟ್ಟಿದಾರಭ್ಯ ನೋಡಿರಲಿಲ್ಲ. ಆಮೇಲೆ ಬೇಜಾರಾಗಿ ಬಿದಿರಿನೊಳಗೆ ನುಗ್ಗಿತು.

‘ಯಾಕ್ ಮಾವ ಬಾಯಲ್ಲೇ ಒಂದ್ ಹಾರ್ನ್ ಹೊಡೀಲಿಲ್ಲ?’ ಎಂದೆ, ನನ್ನ ದನಿ ನನಗೆ ಮರಳಿ ಸಿಕ್ಕ ಮೇಲೆ.

‘ಅಂವ ಈ ರೂಟ್‌ಗೆ ಮೊದ್ಲು ಪರ್ಮಿಟ್ ತಕ್ಕಂಡೋನು ಕನವ್ವ. ನಾವು ಆಮೇಲ್ ಬಂದೋರು.’

ಗೌರತ್ತೆಗೆ ಈ ಬಾಯಿ ಸದ್ದೆಂದರೆ ಆಗದು. ‘ಮುದುಕ್ರಾದ್ರೂ ಮೂರ್ ವರ್ಷದ್ ಕೂಸಿನಂಗೆ ಡುರ್ರು ಡುರ್ರು ಅಂತಾರೆ, ಮಾನ ಹೋಯ್ತದೆ’ ಎಂದು ನಮ್ಮ ಅವ್ವನ ಹತ್ತಿರ ದೂರುತ್ತಿದ್ದಳು. ಆ ಕಾರಿನಲ್ಲಿ ಅವಳು ಒಂದು ಸಲವೂ ಕೂತಿರಲಿಲ್ಲ. ಅವಳ ಅಡುಗೆಮನೆಯ ಗೋಡೆಯಲ್ಲಿ ಬೇಕರಿಯವರು ಕೊಟ್ಟ ಹಳೆಯ ಕ್ಯಾಲೆಂಡರ್ ಇತ್ತು. ತಿಂಗಳುಗಳೆಲ್ಲ ಹರಿದುಹೋಗಿದ್ದವು, ಚಿತ್ರ ಉಳಿದಿತ್ತು: ಕೆಂಪು, ಹಳದಿ ಟುಲಿಪ್ ಹೂಗಳ ಸಾಲು, ಆಚೆ ಒಂದು ಗಾಳಿಗಿರಣಿ. ಒಂದು ಮಧ್ಯಾಹ್ನ ಮಾವ ನನ್ನ ಮುಂದೆ ತನ್ನ ಬಸ್ಸಿನ ಪ್ರತಾಪ ಹೇಳುತ್ತಿದ್ದಾಗ ಅತ್ತೆ ಸೌಟು ಹಿಡಿದು ಈಚೆ ಬಂದಳು.

‘ಊರೋರ್ನೆಲ್ಲ ಸುತ್ತಾಡ್ಸುದ್ರಿ. ಕಟ್ಕಂಡೋಳ್ನ ಮಾತ್ರ ಬತ್ತೇರಿ ಸ್ಟ್ಯಾಂಡ್ ದಾಟುಸ್ಲಿಲ್ಲ.’

‘ಈಗೇನ? ಎಲ್ಲಿಗೋಗ್ಬೇಕು ಹೇಳು, ಹೊಂಡಾನ.’

ಅತ್ತೆ ಸೌಟನ್ನು ಕ್ಯಾಲೆಂಡರಿನ ಕಡೆ ಚಾಚಿದಳು. ‘ಅಲ್ಲಿಗೆ.’

ಮಾವ ಎದ್ದು ಹೋಗಿ ಚಿತ್ರವನ್ನು ನೋಡಿದ. ‘ಅದ್ಯಾವ್ ರೂಟು?’

‘ನಂಗೇನ್ ಗೊತ್ತು? ಡ್ರೈವರ್ ನೀವು.’

ನಾನು ಫೋನಿನಲ್ಲಿ ಹುಡುಕಿ, ಅದು ಹಾಲೆಂಡ್, ನಡುವೆ ಸಮುದ್ರ ಇದೆ ಎಂದೆ. ಗಾಡಿ ದಾಟಿಸುವ ಜಂಗಾರ್ ದೋಣಿ ಇರುವುದಿಲ್ಲವೇ ಎಂದು ಮಾವ ಕೇಳಿದ. ಇಲ್ಲವೆಂದು ಗೊತ್ತಾದ ಮೇಲೆ, ‘ಹಂಗಾರೆ ಹಾಲೆಂಡ್ನೇ ಈ ಕಡೆ ತರ್ಬೇಕಾಯ್ತದೆ’ ಎಂದ. ತಮಾಷೆ ಅಂದುಕೊಂಡೆ. ನನ್ನ ಫೋನಿನಿಂದಲೇ ಗೆಡ್ಡೆ ತರಿಸಿದ.

ಬಲೆಚೀಲದಲ್ಲಿ ಬಂದ ಟುಲಿಪ್ ಗೆಡ್ಡೆಗಳು ಥೇಟ್ ಈರುಳ್ಳಿ. ನಾಟಿಗೆ ಮೊದಲು ಅವಕ್ಕೆ ವಾರಗಟ್ಟಲೆ ಚಳಿ ತಿನ್ನಿಸಬೇಕಂತೆ. ನಮ್ಮೂರಿನ ಕರೆಂಟು ನೆಂಟರಂತೆ, ಬಂದರೂ ನಿಲ್ಲುವುದಿಲ್ಲ. ಮನೆಯ ಫ್ರಿಜ್ಜನ್ನು ನಂಬುವಂತಿಲ್ಲ. ಮಾವ ಚೀಲವನ್ನು ಪುಲ್ಪಳ್ಳಿಯ ಮೀನಂಗಡಿಗೆ ಒಯ್ದ. ಅಂಗಡಿಯ ಬೀರಾನಿಕ್ಕ ಅವನ ಬಸ್ಸಿನ ಹಳೆಯ ಗಿರಾಕಿ.

‘ಎಂದಾ ನಂಜಪ್ಪೇಟ್ಟಾ, ಉಳ್ಳಿಯಾ?’ ಎಂದ ಬೀರಾನಿಕ್ಕ.

‘ಈರುಳ್ಳಿ ಅಲ್ಲ, ಹೂವು. ನಿನ್ ಐಸ್ ಪೆಟ್ಟಿಗೇಲಿ ಮಡಿಕ.’

ಹಾಲೆಂಡಿನ ಹೂಗಳು ಮತ್ತಿ ಮೀನಿನ ಪಕ್ಕದಲ್ಲಿ ಚಳಿಗಾಲ ಕಳೆದವು. ಒಂದು ದಿನ ಅಂಗಡಿಯವರು ಯಾರಿಗೋ ಮೀನಿನ ಜೊತೆ ಎರಡು ಗೆಡ್ಡೆಯನ್ನೂ ಕಟ್ಟಿ ಕೊಟ್ಟುಬಿಟ್ಟರು. ಮಾವ ಓಡಿಹೋಗಿ ಆ ಮನೆಯ ಒಲೆಯ ಮುಂದಿನಿಂದ ಅವನ್ನು ಬಿಡಿಸಿ ತಂದ. ಒಂದಕ್ಕೆ ಆಗಲೇ ಚಾಕು ತಾಗಿತ್ತು. ಕೊಯ್ಲಾದ ಗದ್ದೆಯ ಒಂದು ಅಂಚಿನಲ್ಲಿ, ಸುತ್ತ ಕಾರು ತಿರುಗುವಷ್ಟು ದಾರಿ ಬಿಟ್ಟು ನೆಟ್ಟೆವು. ಮೀನಿನ ವಾಸನೆಗೆ ವಯನಾಡಿನ ಸಮಸ್ತ ಬೆಕ್ಕುಗಳೂ ಬಂದು ಸಾಲಿನಲ್ಲಿ ಕೂತವು. ಬೆಕ್ಕು ಕಾಯಲು ನಾನು, ಜಿಂಕೆ ಕಾಯಲು ಮಾವ.

ಮಾವನ ಇಂಜಿನ್ನು ಕೆಟ್ಟದ್ದು ಆಗಲೇ. ‘ಡುರ್‌ರ್’ ನಡುವೆ ಬಿರುಕು ಬಿಟ್ಟಿತು. ‘ಸರ್ವಿಸ್ ಮಾಡುಸ್ಬೇಕು ಮಾವ’ ಎಂದು ನಕ್ಕೆ. ಅವನೂ ನಕ್ಕ, ಆ ನಗುವಿನಲ್ಲಿ ಗಾಳಿ ಮಾತ್ರ ಇತ್ತು. ಕೋಝಿಕ್ಕೋಡಿನ ಆಸ್ಪತ್ರೆಯಿಂದ ಬಂದ ದಿನ ಗೌರತ್ತೆ ನಮ್ಮ ಅಡುಗೆಮನೆಯಲ್ಲಿ ಕೂತು ಅವ್ವನಿಗೆ ಹೇಳಿದ್ದನ್ನು ನಾನೂ ಕೇಳಿದೆ. ಗಂಟಲಲ್ಲಿ ಗಡ್ಡೆ. ದನಿಯ ಪೆಟ್ಟಿಗೆಯನ್ನೇ ತೆಗೆಯಬೇಕು. ತೆಗೆದರೆ ಜೀವ ಉಳಿಯಬಹುದು. ಆಪರೇಶನ್ನಿಗೆ ದಿನ ಕೊಟ್ಟಿದ್ದಾರೆ.

ಗದ್ದೆಯಲ್ಲಿ ಟುಲಿಪ್ ಇನ್ನೂ ಬೆರಳುದ್ದದ ಎಲೆ.

‘ಯಾವಾಗ ಬುಡ್ತದವ್ವ ಇದು?’ ಮಾವ ಪಿಸುದನಿಯಲ್ಲಿ ಕೇಳಿದ.

ಫೋನು ಹೇಳಿದ ಲೆಕ್ಕ ಆಸ್ಪತ್ರೆಯ ದಿನದ ಆಚೆಗಿತ್ತು. ಹೇಳಿದೆ.

‘ದನಿ ಇರೋವಾಗ್ಲೇ ಅವಳ್ನ ಒಂದ್ ಟ್ರಿಪ್ ಕರ್ಕಂಡ್ ಹೋಗ್ಬೇಕು ಕಿಳಿ. ಸದ್ದಿಲ್ದೆ ಕರ್ಕಂಡ್ ಹೋದ್ರೆ ಅದು ಹೆಣ ಸಾಗಿಸ್ದಂಗೆ.’

ಆಸ್ಪತ್ರೆಗೆ ಫೋನು ಮಾಡಿ ದಿನ ಮುಂದೆ ಹಾಕಿಸಲು ಹೊರಟ. ಅದು ಅತ್ತೆಯ ಕಿವಿಗೆ ಬಿತ್ತು. ಅವಳು ಕುಡುಗೋಲು ಹಿಡಿದು ನೇರ ಗದ್ದೆಗೆ ಇಳಿದಳು.

‘ಒಂದ್ ದಿನ ಮುಂದಕ್ ಹಾಕುದ್ರೂ ಇದ್ನೆಲ್ಲ ಕುಯ್ದು ಎಮ್ಮೆಗ್ ಹಾಕ್ತೀನಿ! ನಂಗೆ ಹೂ ಬೇಕು ಅಂದೋರ್ಯಾರು?’

‘ನೀನೇ ಅಲ್ವಾ, ಸೌಟಲ್ಲಿ ತೋರ್ಸುದ್ದು?’

‘ಅದು ಬಯ್ಯಕ್ಕೆ ಅಂದದ್ದು ಕನ್ರೀ’ ಎಂದಳು ಅತ್ತೆ. ಕುಡುಗೋಲನ್ನು ಎಲೆಗೆ ತಾಗದಂತೆ ಬದುವಿನ ಮೇಲಿಟ್ಟಳು.

ದಿನ ಮುಂದೆ ಹೋಗಲಿಲ್ಲ. ಹೂವನ್ನೇ ಹಿಂದೆ ಎಳೆಯಬೇಕಿತ್ತು. ಬೀರಾನಿಕ್ಕ ದಿನಾ ಐಸ್ ಕಳಿಸಿದ. ನಾವು ಒಡೆದು ಬುಡದ ಸುತ್ತ ಹಾಕಿದೆವು, ಮಧ್ಯಾಹ್ನ ಹಳೆಯ ಸೀರೆಗಳ ನೆರಳು ಕಟ್ಟಿದೆವು. ಅದರಿಂದ ಬೇಗ ಬಿಡುತ್ತದೋ ತಡವಾಗುತ್ತದೋ ಯಾರಿಗೂ ಗೊತ್ತಿರಲಿಲ್ಲ. ಸುಮ್ಮನೆ ಕೂರಲು ಆಗುತ್ತಿರಲಿಲ್ಲ, ಅಷ್ಟೇ.

ಆಸ್ಪತ್ರೆಗೆ ಹೊರಡುವ ಹಿಂದಿನ ಸಂಜೆ ಎಷ್ಟು ಹೂ ಅರಳಿದ್ದವು ಎಂದು ಇಲ್ಲಿ ಬರೆಯುವಾಗ ಸಾವಿರ ಎನ್ನಬೇಕೆಂದು ಕೈ ತುಡಿಯುತ್ತದೆ. ಮೂರು. ಉಳಿದದ್ದೆಲ್ಲ ಹಸಿರು ಮೊಗ್ಗು. ಮೂರರಲ್ಲಿ ಒಂದು, ಚಾಕು ತಾಗಿದ ಗೆಡ್ಡೆಯದು, ಗಿಡ್ಡವಾಗಿ ಓರೆಯಾಗಿ ಬಿಟ್ಟಿತ್ತು.

ಮಾವ ಹಳೆಯ ಖಾಕಿ ಅಂಗಿ ತೊಟ್ಟು ಬಂದ. ಗೌರತ್ತೆ ಮದುವೆಗೆ ಹೋಗುವ ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಚಪ್ಪರದ ಕಂಬಿ ಹಿಡಿದು ಕೂತಳು. ನಾನು ಮುಂದಿನ ಕಂಬಿಗೆ ನಾಣ್ಯ ಬಡಿದು, ಹೊರಡಲಿಕ್ಕೆ ಎರಡು ಬೆಲ್ ಕೊಟ್ಟೆ. ಮಾವ ಕೆಮ್ಮಿದ. ‘ಡುಗ್ ಡುಗ್’ ಎಂದು ಶುರುವಾಗಿ ನಿಂತಿತು. ಮತ್ತೆ ಕೆಮ್ಮಿದ. ಎಲ್ಲಿ ಬಚ್ಚಿಟ್ಟಿದ್ದನೋ, ಹಳೆಯ ಬಸ್ಸಿನ ಪೂರಾ ‘ಡುರ್‌ರ್‌ರ್’ ಎದ್ದುಬಂತು.

‘ಬತ್ತೇರಿ, ಬತ್ತೇರಿ! ಗುಂಡ್ಲುಪೇಟೆ! ಮೈಸೂರು!’ ಗದ್ದೆಯ ಮೂಲೆ ಮೂಲೆಯಲ್ಲಿ ಸ್ಟಾಪು ಕೂಗಿದ. ‘ಡೆಲ್ಲಿ ಇಳ್ಯೋರು ಮುಂದ್ ಬನ್ನಿ! ಜಂಗಾರ್ ಹತ್ತತಾ ಅದೆ, ಕೈಯಿ ಒಳಗ್ ಮಡಿಕಳಿ!’ ಆಮೇಲೆ ಆ ಮೂರು ಹೂವಿನ ಮುಂದೆ ‘ಪ್ಸ್‌ಸ್‌ಸ್’. ‘ಹಾಲೆಂಡ್. ಲಾಸ್ಟ್ ಸ್ಟಾಪು.’

ಅತ್ತೆ ಬಹಳ ಹೊತ್ತು ನೋಡಿದಳು. ‘ಇಷ್ಟೇಯಾ?’ ಎಂದಳು.

‘ಸೀಸನ್ ಇನ್ನೂ ಶುರುವಾಗ್ಬೇಕು.’

‘ನಾ ಇಳಿಯಲ್ಲ. ಇನ್ನೊಂದ್ ಸುತ್ತು ಹೊಡೀರಿ.’

ಇನ್ನೊಂದು, ಮತ್ತೊಂದು. ಅತ್ತೆ ಪ್ರತಿ ಸಲವೂ ಅದನ್ನೇ ಹೇಳಿದಳು. ಕೊನೆಗೆ ಡೆಲ್ಲಿಗೂ ಹಾಲೆಂಡಿಗೂ ನಡುವೆ ಕಾರಿನ ಚಾರ್ಜು ಮುಗಿದು ಚಕ್ರ ನಿಂತುಬಿಟ್ಟಿತು. ಮಾವ ನಿಲ್ಲಿಸಲಿಲ್ಲ. ನಿಂತ ಗಾಡಿಯಲ್ಲಿ ಸ್ಟೀರಿಂಗ್ ತಿರುಗಿಸುತ್ತಾ, ಗಾಳಿಯಲ್ಲಿ ಗೇರು ಬದಲಿಸುತ್ತಾ, ದನಿ ಒಡೆದು ಸೀಳುವವರೆಗೂ ಇಂಜಿನ್ನು ಓಡಿಸಿದ. ಅತ್ತೆ ಗಾಡಿ ನಿಂತದ್ದು ಗೊತ್ತೇ ಇಲ್ಲದವಳಂತೆ, ಕಂಬಿ ಬಿಡದೆ, ಹಿಂದೆ ಸರಿಯುವ ಊರುಗಳನ್ನು ನೋಡುವ ಹಾಗೆ ಹೊರಗೆ ನೋಡುತ್ತಾ ಕೂತಿದ್ದಳು. ನಾನು ಒಂದು ಬೆಲ್ ಕೊಡಬೇಕಿತ್ತು, ನಿಲ್ಲಲಿಕ್ಕೆ. ಕೊಡಲಿಲ್ಲ.

ಅವರು ಆಸ್ಪತ್ರೆಯಲ್ಲಿದ್ದಾಗ ಇಡೀ ಸಾಲು ಅರಳಿತು. ವೀಡಿಯೊ ಕಳಿಸಿದೆ. ಮಾವ ನೋಡಿದನೆಂದು ಅತ್ತೆ ಹೇಳಿದಳು.

ಕೊರಳಲ್ಲಿ ತೂತು ಇಟ್ಟುಕೊಂಡು ಮಾವ ಮರಳಿದ. ರೋಗ ಕೊರಳಲ್ಲೇ ನಿಂತಿರಲಿಲ್ಲ. ನಾನು ಅವನನ್ನು ಕೊನೆಯ ಸಲ ನೋಡಿದ್ದು ಜಗಲಿಯ ಕುರ್ಚಿಯಲ್ಲಿ, ತಗ್ಗಿದ ಭುಜಕ್ಕೆ ಶಾಲು ಹೊದ್ದು ಕೂತಿದ್ದಾಗ. ಅತ್ತೆ ಹೊಸಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಶಾಲೆಯ ಸುದ್ದಿಯನ್ನು ಉಬ್ಬಿಸಿ ಉಬ್ಬಿಸಿ ಹೇಳಿದೆ. ಅವನು ಕೇಳಿ, ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದಂತೆ ಮಾಡಿ ನನ್ನ ಬಾಯಿಯ ಕಡೆ ಗಲ್ಲ ಎತ್ತಿದ. ‘ಡುರ್’ ಎಂದೆ. ಗೇರು ಕಿತ್ತುಹೋದವನಂತೆ ಮುಖ ಹಿಂಡಿದ. ಅಂಗೈಯನ್ನು ತನ್ನ ಹೊಟ್ಟೆಯ ಮೇಲಿಟ್ಟು ತೋರಿಸಿದ: ಇಲ್ಲಿಂದ ಬರಬೇಕು. ಮತ್ತೆ ಮಾಡಿದೆ. ಕುರ್ಚಿಯ ಕೈಗೆ ಉಂಗುರ ಬಡಿದು ಎರಡು ಬೆಲ್ ಕೊಟ್ಟ. ಹೊರಡು ಎಂದು.

ಓಣಂಗೆ ಚೆಂಡುಹೂ ಬಿಡುವ ಮೊದಲೇ ಅವನು ಹೋದ.

ಕಾರು ಅಂಗಳದಲ್ಲೇ ಇತ್ತು. ಹೂ ಬಿಟ್ಟ ಮೇಲೆ ಒಂದು ದಿನ ಗೌರತ್ತೆ ಬಂದು, ‘ಗದ್ದೆ ಕಡೆ ಒಂದ್ ಸುತ್ತು ಹೋಗಾನ ಬಾರವ್ವ, ಓಡ್ಸು’ ಎಂದಳು. ಈ ಸಲ ಅವಳು ಮುಂದಿನ ಸೀಟಿನಲ್ಲಿ, ನನ್ನ ಜಾಗದಲ್ಲಿ ಕೂತಳು. ನಾನು ಕೆಮ್ಮಿ ಬಾಯಿ ತೆರೆದೆ.

‘ಬ್ಯಾಡ ಕನವ್ವ’ ಎಂದಳು. ‘ಸುಮ್ನೆ ನಡೆಸು.’

ಕಾರು ಹೊರಟಿತು. ಚಕ್ರದ ಕೆಳಗೆ ಮಣ್ಣು ಪುಡಿಯಾಗುವುದು ಕೇಳುತ್ತಿತ್ತು. ಟುಲಿಪ್ ಇದ್ದ ಜಾಗದಲ್ಲಿ ಭತ್ತದ ಪೈರು ಎದ್ದಿತ್ತು. ಅದನ್ನು ದಾಟಿ ತಿರುಗಿದರೆ, ಮುಂದೆ ದಾರಿಯ ನಟ್ಟನಡುವೆ ಕೆಂಪಜ್ಜಿ, ತಲೆ ಮೇಲೆ ಹುಲ್ಲಿನ ಹೊರೆ. ಅವಳಿಗೆ ನಾವು ಬಂದದ್ದು ಗೊತ್ತಿಲ್ಲ. ಕೂಗಬೇಕೆಂದುಕೊಂಡೆ. ಅತ್ತೆ ಬ್ಯಾಡ ಅಂದಿದ್ದಳು. ಬ್ರೇಕಿನ ಮೇಲೆ ಕಾಲಿಟ್ಟೆ.

ಆಗ ಪಕ್ಕದಲ್ಲಿ ಗೌರತ್ತೆ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು, ಮೆಲ್ಲಗೆ, ನಾಚಿಕೊಂಡವಳ ಹಾಗೆ, ‘ಡುರ್‌ರ್‌ರ್’ ಎಂದಳು.

ಕೆಂಪಜ್ಜಿ ಹಿಂದಿರುಗಿ ನೋಡಲಿಲ್ಲ. ಬದುವಿಗೆ ಸರಿದು, ಹೊರೆಯ ಕೆಳಗಿನಿಂದ ಒಂದು ಕೈ ಎತ್ತಿದಳು.