ಬಿಳಿ ಸೀರೆಗೆ ಹಚ್ಚಿದ ಅರಿಶಿನ

ನಮ್ಮ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡುತ್ತಿರಲಿಲ್ಲ. ಸಮೇತನಹಳ್ಳಿಯ ರಾಗಿ ಹೊಲಗಳ ನಡುವೆ ಬೆಳೆದ ನಾನು ದೊಡ್ಡಬಳ್ಳಾಪುರದ ನೇಯುವವರ ಬೀದಿಗೆ ಸೊಸೆಯಾಗಿ ಬಂದ ಮೊದಲ ವಾರ, ಇವರೆಲ್ಲ ಯಾಕೆ ಬೆಳಗಾದರೆ ಜಗಳ ಆಡುತ್ತಾರೆ ಎಂದು ಹೆದರಿದ್ದೆ. ಜಗಳವೇನೂ ಇರಲಿಲ್ಲ. ಹಜಾರದ ಆಚೆ ನಾಲ್ಕು ಪವರ್‌ಲೂಮ್ ಮಗ್ಗಗಳು ದಿನವಿಡೀ ಬಡಿದುಕೊಳ್ಳುತ್ತಿದ್ದವು, ಅವುಗಳ ಸದ್ದನ್ನು ಮೀರಿ ಕೂಗಿದರಷ್ಟೇ ಉಪ್ಪು ಬೇಕು ಎಂಬ ಮಾತೂ ಕೇಳಿಸುತ್ತಿತ್ತು. ಕರೆಂಟ್ ಹೋದಾಗ ಮಾತ್ರ ಮನೆ ಮನೆಯಂತಾಗುತ್ತಿತ್ತು. ಗುಟ್ಟು ಹೇಳುವವರು ಆಗ ಹೇಳಿಕೊಳ್ಳಬೇಕು, ಅಳುವವರು ಆಗ ಅತ್ತುಕೊಳ್ಳಬೇಕು. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು, ಮನಸ್ಸು ಬಂದಾಗ ಬರುತ್ತಿತ್ತು.

ಆ ಮನೆಯಲ್ಲಿ ಸೊಸೆಯರಿಗೆ ಎರಡು ಕೆಲಸ. ಒಂದು ಕಂಡಿಕೆ ಸುತ್ತುವುದು, ಅಂದರೆ ಲಾಳಿಯೊಳಗೆ ಕೂರುವ ಸಣ್ಣ ಕಡ್ಡಿಗಳಿಗೆ ನೂಲು ತುಂಬುವುದು. ಇನ್ನೊಂದು ನೇಯ್ದಿಳಿದ ಸೀರೆಗಳನ್ನು ಮಡಿಸುವುದು. ಕಂಡಿಕೆ ಸುತ್ತಲು ಹಿಂದಿನ ಕೋಣೆ, ಅಲ್ಲಿ ಗಾಳಿಯೂ ಇಲ್ಲ, ಬೆಳಕೂ ಇಲ್ಲ. ಸೀರೆ ಮಡಿಸಲು ಬೀದಿಬಾಗಿಲ ಪಕ್ಕದಲ್ಲಿ ಒಂದು ಅಗಲವಾದ ಮಣೆ. ಅಲ್ಲಿ ಕೂತರೆ ಹೂವಿನವಳು, ಸೊಪ್ಪಿನವಳು, ಬೀದಿಯ ಸುದ್ದಿ ಎಲ್ಲವೂ ಕಾಲ ಬುಡಕ್ಕೇ ಬರುತ್ತದೆ. ಆ ಮಣೆ ನನ್ನ ಓರಗಿತ್ತಿಯದು. ಅವಳು ಹಿರಿಯ ಸೊಸೆ, ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಮದುವೆಗೆ ಹೋಗುವ ಸೀರೆಯಾದರೆ ಮಡಿಸುವ ಮುಂಚೆ ಅದರ ಒಳಮೂಲೆಗೆ ಒಂದು ಚುಕ್ಕಿ ಅರಿಶಿನ ಹಚ್ಚುವುದು ಮನೆಯ ಪದ್ಧತಿ. ಅದೂ ಅವಳದೇ ಕೈಯಿಂದ ಆಗಬೇಕು. ನನಗೆ ಹೊಟ್ಟೆಕಿಚ್ಚಿತ್ತು. ಈಗ ಒಪ್ಪಿಕೊಳ್ಳಲು ಏನೂ ನಾಚಿಕೆಯಿಲ್ಲ.

ನಮ್ಮಿಂದ ಎರಡು ಮನೆ ಆಚೆ ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ಬಾಡಿಗೆಗಿದ್ದರು. ಕ್ರೈಸ್ತರು. ಬೀದಿಯ ಅರ್ಧ ಮಕ್ಕಳು ಅವರ ಕೈಯಲ್ಲೇ ಮೊದಲ ಸಲ ಅತ್ತವರು, ಅಕ್ಕನ ಮಗನೂ ಸೇರಿದಂತೆ. ಅವರ ಮಗಳಿಗೆ ಮದುವೆ ಗೊತ್ತಾದಾಗ ಸೀರೆ ನಮ್ಮಲ್ಲೇ ನೇಯಿಸಬೇಕೆಂದು ಬಂದರು. ಬಣ್ಣ ಯಾವುದು ಎಂದು ಕೇಳಿದರೆ ಬಿಳಿ ಎಂದರು.

ಅತ್ತೆ ತಕ್ಷಣ ತಡೆದರು. "ಮದ್ವೆ ಹೆಣ್ಣಿಗೆ ಬಿಳೀದಾ? ಬೇಡ ನರ್ಸಮ್ಮ. ಗಿಣಿಹಸಿರು ಹಾಕಿಸ್ತೀನಿ, ಅಂಚು ಕೆಂಪು, ಲಕ್ಷಣವಾಗಿರ್ತದೆ."

"ನಮ್ಮಲ್ಲಿ ಬಿಳೀನೇ ಲಕ್ಷಣ ಕಣಮ್ಮ. ತಪ್ಪೆಲ್ಲ ತೊಳೆದುಹೋಗಿದೆ, ಹೊಸದಾಗಿ ಶುರು ಮಾಡ್ತಿದೀವಿ ಅಂತ."

"ಮದ್ವೆ ಹೆಣ್ಣು ಏನು ತಪ್ಪು ಮಾಡಿರ್ತಾಳೆ, ಪಾಪ."

"ಮಾಡದೆ ಇರೋರು ಯಾರಿದಾರೆ ಹೇಳಿ" ಎಂದು ನರ್ಸಮ್ಮ ನಕ್ಕರು.

ಅತ್ತೆಗೆ ಈ ಮಾತು ಹಿಡಿಸಲಿಲ್ಲ. ತಾವು ಯಾವ ತಪ್ಪೂ ಮಾಡಿಲ್ಲ ಎಂಬುದರ ಬಗ್ಗೆ ಅವರಿಗೆ ಎಂದೂ ಅನುಮಾನ ಬಂದದ್ದಿಲ್ಲ. ಆದರೂ ಮೊಮ್ಮಗನನ್ನು ಎತ್ತಿಕೊಟ್ಟ ಕೈ, ಇಲ್ಲವೆನ್ನಲಾಗಲಿಲ್ಲ. ಮಗ್ಗಕ್ಕೆ ಬಿಳಿ ನೂಲಿನ ಹಾಸು ಏರಿತು. ತೆಳ್ಳನೆಯ ಜರಿ ಅಂಚಿನ ಸೀರೆ ಇಳಿದ ದಿನ ಅತ್ತೆ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು, "ಇದಕ್ಕೆ ಅರಿಶಿನ ಮುಟ್ಟಿಸ್ಬೇಡಿ. ಮೊದಲೇ ಬಿಳೀದು, ಅವರ ಪದ್ಧತೀನೂ ಅಲ್ಲ" ಎಂದು ಎರಡು ಸಲ ಹೇಳಿದರು.

ಅಕ್ಕ ಮಣೆಯ ಮೇಲೆ ಸೀರೆ ಹರಡಿದ್ದಳು, ಒಲೆಯ ಮೇಲೆ ಹಾಲು ಉಕ್ಕಿತೆಂದು ಎದ್ದು ಒಳಗೆ ಹೋದಳು. ನಾನು ಮಣೆಯ ಪಕ್ಕ ನಿಂತಿದ್ದೆ. ನನಗಾಗ ಮೂರು ತಿಂಗಳು, ಸಣ್ಣಪುಟ್ಟದ್ದಕ್ಕೂ ಕಣ್ಣು ತುಂಬುತ್ತಿತ್ತು. ಆ ಹುಡುಗಿಯನ್ನು ನೆನೆಸಿಕೊಂಡೆ. ಮೈಗೆ ಅರಿಶಿನವಿಲ್ಲ, ಹಣೆಗೆ ಕುಂಕುಮವಿಲ್ಲ, ಮೇಲೆ ಬಿಳಿ ಸೀರೆ. ಯಾರಿಗೂ ಕಾಣದ ಹಾಗೆ ಸೆರಗಿನ ಒಳಮೂಲೆಗೆ ಸಾಸಿವೆಯಷ್ಟು ಹಚ್ಚಿಬಿಟ್ಟರೆ ಆ ಮಗು ತಣ್ಣಗೆ ಬಾಳುತ್ತದೆ ಎಂದುಕೊಂಡು ಅರಿಶಿನದ ಬಟ್ಟಲಿಗೆ ಬೆರಳದ್ದಿದೆ. ಮಣೆಯ ಅಧಿಕಾರವನ್ನು ಒಂದು ಗಳಿಗೆಯಾದರೂ ಚಲಾಯಿಸುವ ಆಸೆಯೂ ಅದರೊಳಗೆ ಬೆರೆತಿತ್ತೋ ಏನೋ.

ಬೆರಳು ಒದ್ದೆಯಿತ್ತು. ಸಾಸಿವೆಯಷ್ಟು ಹಚ್ಚಿದ್ದು ನೋಡನೋಡುತ್ತ ರೂಪಾಯಿಯಗಲ ಹರಡಿತು. ಗಾಬರಿಯಲ್ಲಿ ಬಚ್ಚಲಿಗೆ ಓಡಿ ಸೋಪು ಹಾಕಿ ಉಜ್ಜಿದೆ. ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆ ಎಂಬುದು ಲಂಗ ಉಡುವ ವಯಸ್ಸಿನಿಂದಲೇ ಗೊತ್ತು, ಆದರೆ ಬುದ್ಧಿ ಬೇಕಾದಾಗ ಎಲ್ಲಿರುತ್ತದೆ? ಹಳದಿ ಕಲೆ ರಕ್ತದಂತೆ ಕೆಂಪಾಯಿತು. ಒದ್ದೆಯನ್ನು ಹಿಂಡಿ, ಕಲೆ ಒಳಮಡಿಕೆಗೆ ಬರುವಂತೆ ಸೀರೆ ಮಡಿಸಿ, ಕಾಗದ ಸುತ್ತಿಟ್ಟೆ. ಹಾಲು ಇಳಿಸಿ ಬಂದ ಅಕ್ಕ, "ನೀನೇ ಮಡಿಸ್ಬಿಟ್ಯಾ, ಒಳ್ಳೇದಾಯ್ತು" ಎಂದು ಪೊಟ್ಟಣವನ್ನು ಹಾಗೆಯೇ ನರ್ಸಮ್ಮನಿಗೆ ಕೊಟ್ಟುಬಂದಳು.

ಮದುವೆಗೆ ಹತ್ತು ದಿನವಿದೆ ಎನ್ನುವಾಗ ನರ್ಸಮ್ಮ ಸೀರೆ ಹಿಡಿದು ಬಂದರು. ಬೈಯಲಿಲ್ಲ, ಕಲೆ ತೋರಿಸಿದರು ಅಷ್ಟೇ. ಬೇರೆ ನೇಯೋಣವೆಂದರೆ ಬಿಳಿ ಹಾಸು ಮುಗಿದು ಮಗ್ಗಕ್ಕೆ ಬೇರೆ ಬಣ್ಣ ಏರಿಯಾಗಿತ್ತು. ಅತ್ತೆ ಅಕ್ಕನ ಕಡೆ ತಿರುಗಿದರು. ಅರಿಶಿನದ ಬಟ್ಟಲು ಅವಳದು, ಮಣೆ ಅವಳದು, ತಪ್ಪು ಇನ್ನಾರದು? ಬೇಡವೆಂದು ಎರಡು ಸಲ ಹೇಳಿದ್ದನ್ನು ಅತ್ತೆ ಹತ್ತು ಸಲ ಹೇಳಿದರು. ಅಕ್ಕ ಒಮ್ಮೆ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅವಳು ತುಟಿಪಿಟಕ್ಕೆನ್ನಲಿಲ್ಲ.

"ನಾಳೆಯಿಂದ ನೀನು ಕಂಡಿಕೆಗೆ ಹೋಗು, ಚಿಕ್ಕವಳು ಮಡಿಸ್ಲಿ" ಎಂದು ಅತ್ತೆ ತೀರ್ಪು ಕೊಟ್ಟರು.

ಹೀಗೆ ಮಣೆ ನನ್ನದಾಯಿತು. ಮೂರು ದಿನ ಅದರ ಮೇಲೆ ಕೂತೆ. ಹೂವಿನವಳು ಬಂದಳು, ಸೊಪ್ಪಿನವಳು ಬಂದಳು, ಯಾರ ಸುದ್ದಿಯೂ ಕಿವಿಗೆ ಹೋಗಲಿಲ್ಲ. ಹಿಂದಿನ ಕೋಣೆಯಿಂದ ಕಂಡಿಕೆ ಯಂತ್ರದ ಗುರ್ ಎನ್ನುವ ಸದ್ದು ಮಾತ್ರ ನಾಲ್ಕು ಮಗ್ಗಗಳ ನಡುವೆಯೂ ಬಿಡಿಸಿ ಕೇಳುತ್ತಿತ್ತು.

ನಾಲ್ಕನೆಯ ದಿನ ರಕ್ತದೊತ್ತಡ ನೋಡಿಸಿಕೊಳ್ಳುವ ನೆಪದಲ್ಲಿ ನರ್ಸಮ್ಮನ ಮನೆಗೆ ಹೋದೆ. ಅವರು ಪಟ್ಟಿ ಕಟ್ಟಿ ಗಾಳಿ ತುಂಬುತ್ತಿದ್ದಂತೆ ನನ್ನ ಬಾಯಿ ತಾನಾಗಿ ಬಿಚ್ಚಿಕೊಂಡಿತು. ಅರಿಶಿನ, ಸೋಪು, ಮಡಿಕೆ, ಮಣೆ, ಎಲ್ಲ ಹೇಳಿದೆ. ಮುಗಿಸುವುದಕ್ಕೂ ಬಿಡದೆ ಅವರು, "ಆಯ್ತು ಬಿಡಮ್ಮ, ನಾನು ಕ್ಷಮಿಸಿದೀನಿ" ಎಂದರು.

ನನಗೆ ನಿರಾಸೆಯಾಯಿತು. ಅಷ್ಟು ದಿನ ನಿದ್ದೆಗೆಟ್ಟು ಹೊತ್ತು ತಂದದ್ದನ್ನು ಹೀಗೆ ಚಿಟಿಕೆ ಹೊಡೆದಂತೆ ಮುಗಿಸಿಬಿಡುವುದೇ? ನಮ್ಮಲ್ಲಿ ತಪ್ಪು ಮಾಡಿದರೆ ದೇವರಿಗೆ ತಪ್ಪುಕಾಣಿಕೆ ಕಟ್ಟಬೇಕು, ಉಪವಾಸವಿರಬೇಕು, ಉರುಳು ಸೇವೆ ಮಾಡಬೇಕು. ಮೈ ನೋಯಬೇಕು, ಆಗಲೇ ಸಮಾಧಾನ.

"ಏನಾದ್ರೂ ಹೇಳಿ ನರ್ಸಮ್ಮ. ನಿಮ್ಮ ಗುಡೀಲಿ ಏನು ಮಾಡಿಸ್ತಾರೋ ಅದನ್ನೇ ಮಾಡ್ತೀನಿ."

"ನಮ್ಮಲ್ಲಿ ಏನೂ ಮಾಡಿಸೋದಿಲ್ಲ ಕಣಮ್ಮ. ನಮ್ಮ ತಪ್ಪನ್ನೆಲ್ಲ ಶಿಲುಬೆ ಮೇಲೆ ಒಬ್ಬರು ಆಗ್ಲೇ ಹೊತ್ಕೊಂಡಾಯ್ತು. ತಾನು ಏನೂ ಮಾಡದೇನೇ ಹೊತ್ಕೊಂಡ್ರು. ನಾವು ಹೌದು, ನನ್ನದೇ ತಪ್ಪು ಅಂತ ಒಪ್ಕೊಂಡು, ಆ ದಾರಿ ಬಿಟ್ಟು ತಿರುಗಿಕೊಂಡ್ರೆ ಸಾಕು. ಅದೇ ಕಷ್ಟ."

"ನಾನು ಅರಿಶಿನ ಹಚ್ಚಿದ್ದು ಒಳ್ಳೇ ಮನಸ್ಸಿಂದಾನೇ" ಎಂದು ನಡುವೆ ನನ್ನ ವಕಾಲತ್ತನ್ನೂ ಸೇರಿಸಿದೆ.

"ಅರಿಶಿನ ಪಾಪ ಅಂತ ಯಾರಂದ್ರು? ಮುಚ್ಚಿಟ್ಯಲ್ಲ, ಆಮೇಲೆ ಅವಳ ಜಾಗದಲ್ಲಿ ಹೋಗಿ ಕೂತ್ಯಲ್ಲ, ಅದು." ಪಟ್ಟಿ ಬಿಚ್ಚುತ್ತ ಕೇಳಿದರು, "ನಿಮ್ಮಕ್ಕನಿಗೆ ಹೇಳಿದ್ಯಾ?"

ನಾನು ರವಿಕೆಯ ತೋಳು ಇಳಿಸಿಕೊಳ್ಳತೊಡಗಿದೆ.

"ನಿನ್ನದನ್ನ ಅಲ್ಲೂ ಒಬ್ಬಳು ಹೊತ್ಕೊಂಡಿದಾಳಲ್ಲಮ್ಮ."

ಆಮೇಲೆ ನನ್ನನ್ನು ತಾರಸಿಗೆ ಕರೆದುಕೊಂಡು ಹೋದರು. ಕಲೆಯನ್ನು ಬರೀ ನೀರಲ್ಲಿ ಜಾಲಿಸಿ ಸೆರಗನ್ನು ಬಿಸಿಲಿಗೆ ಬಿಚ್ಚಿ ಹಾಕಿದ್ದರು. ಕೆಂಪು ಹೋಗಿ ಹಳದಿಯಾಗಿತ್ತು, ಹಳದಿಯೂ ಮಾಸುತ್ತಿತ್ತು. ಅರಿಶಿನ ಬಿಸಿಲಿಗೆ ನಿಲ್ಲುವುದಿಲ್ಲ, ಮಡಿಕೆಯೊಳಗಿಟ್ಟರೆ ವರ್ಷವಾದರೂ ಹೋಗುವುದಿಲ್ಲ. ಅವರ ಪಾದ್ರಿಗಳ ಕೈಗೆ ಇದು ಸಿಕ್ಕಿದ್ದರೆ ಒಂದು ಭಾನುವಾರ ಪೂರ್ತಿ ಮಾತಾಡುತ್ತಿದ್ದರು. ನರ್ಸಮ್ಮ ಮಾತ್ರ ಸೀರೆಯನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿ, ಸಂಜೆ ಇಬ್ಬನಿ ಬೀಳುವ ಮುಂಚೆ ತೆಗೆಯಬೇಕು ಎಂದರು.

ಮನಸ್ಸು ತಡೆಯದೆ ಸಂಜೆ ಐದು ತೆಂಗಿನಕಾಯಿ ತಂದು ಅವರ ಬಾಗಿಲಲ್ಲಿ ಇಟ್ಟೆ. ಅವರು ನಕ್ಕು ಎರಡು ಇಟ್ಟುಕೊಂಡು ಮೂರು ವಾಪಸ್ ಕೊಟ್ಟರು. ಮರುದಿನ ಬೆಳಿಗ್ಗೆ ನನ್ನ ತಪ್ಪುಕಾಣಿಕೆ ಒಂದು ಬಟ್ಟಲು ಚಟ್ನಿಯಾಗಿ ಇಡ್ಲಿಯ ಜೊತೆ ನಮ್ಮ ಮನೆಗೇ ಬಂತು.

ಇನ್ನು ಅಕ್ಕ. ಅವಳಿಗೆ ಹೇಳಲು ನಾನು ಒಂದು ಉಪಾಯ ಹೂಡಿದೆ. ಮಗ್ಗಗಳೆಲ್ಲ ಓಡುತ್ತಿರುವಾಗ, ಕಂಡಿಕೆ ಯಂತ್ರದ ಪಕ್ಕ ನಿಂತು ಮೆಲ್ಲಗೆ ಹೇಳಿಬಿಡುವುದು. ಹೇಳಿದಂತೆಯೂ ಆಯಿತು, ಕೇಳಿಸದಂತೆಯೂ ಆಯಿತು. ದೇವರಿಗೆ ಕೇಳಿಸಿದರೆ ಸಾಕಲ್ಲ. ಆ ಬೀದಿಯವರಿಗಲ್ಲದೆ ಬೇರೆ ಯಾರಿಗೂ ಇಂಥ ಬುದ್ಧಿ ಬರಲಾರದು.

ಹೋಗಿ ನಿಂತು ತುಟಿಯಲ್ಲೇ ಹೇಳಿದೆ. ಅಕ್ಕ ಕಂಡಿಕೆಯಿಂದ ಕಣ್ಣೆತ್ತಿ, "ಏನು?" ಎಂದು ಕೈಯಾಡಿಸಿದಳು. ಇನ್ನೊಮ್ಮೆ ಹೇಳಿದೆ. ಅವಳು ಕಿವಿಗೆ ಕೈ ಹಿಡಿದು ಮುಂದಕ್ಕೆ ಬಾಗಿದಳು. ಆ ಬಾಗಿದ ಮುಖ, ಕೂದಲ ಮೇಲೆಲ್ಲ ನೂಲಿನ ಧೂಳು. ನೋಡುತ್ತಿದ್ದಂತೆ ನನಗೆ ತಡೆಯದಾಯಿತು. ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದೆ:

"ಅಕ್ಕಾ, ಆ ಸೀರೆಗೆ ಅರಿಶಿನ ಹಚ್ಚಿದ್ದು ನಾನು. ಸುಮ್ನಿದ್ದು ನಿನ್ನ ಬೈಸಿದ್ದೂ ನಾನೇ."

ಅರಿಶಿನ ಎಂಬಲ್ಲಿಗೆ ಕರೆಂಟ್ ಹೋಯಿತು. ನಾಲ್ಕು ಮಗ್ಗ, ಕಂಡಿಕೆ ಯಂತ್ರ ಒಟ್ಟಿಗೆ ನಿಂತವು. ಉಳಿದದ್ದೆಲ್ಲ ಆ ಮೌನದಲ್ಲಿ, ಬೀದಿಯ ಕೊನೆಯವರೆಗೂ ಹೋಗುವಂಥ ಗಂಟಲಿನಲ್ಲಿ ಹೊರಬಂತು. ಮಗ್ಗದ ಹತ್ತಿರವಿದ್ದ ಗಂಡಸರು ಕತ್ತೆತ್ತಿದರು. ಹಜಾರದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆಯ ಕೈ ನಿಂತಿತು.

"ಗೊತ್ತು" ಎಂದಳು ಅಕ್ಕ.

"ಗೊತ್ತಾ?"

"ಅವತ್ತು ಊಟಕ್ಕೆ ಬಡಿಸ್ವಾಗ ನಿನ್ನ ಉಗುರು ಹಳದಿ ಇತ್ತಲ್ಲ. ಆಗ ಏನೂ ಹೊಳೀಲಿಲ್ಲ. ನರ್ಸಮ್ಮ ಸೀರೆ ತಂದಾಗ ಹೊಳೀತು."

"ಮತ್ತೆ ಆಗ್ಲೇ ಹೇಳ್ಬಾರ್ದಿತ್ತಾ?"

"ಮೂರು ತಿಂಗಳ ಬಸುರಿ, ಕುಡಿದ ನೀರೂ ದಕ್ತಿಲ್ಲ ನಿನಗೆ. ಅತ್ತೆ ಬಾಯಿಗೆ ನೀನು ಬಿದ್ದಿದ್ರೆ ಮೂರು ದಿನ ಅನ್ನ ಮುಟ್ತಿರ್ಲಿಲ್ಲ."

"ನಿಂಗೆ ಕೋಪ ಬರ್ಲಿಲ್ವಾ ಅಕ್ಕ?"

"ಬರ್ದೆ ಏನು. ದಿನಾ ಬರ್ತಿತ್ತು. ಇವತ್ತೂ ಇದೆ" ಎಂದು ಹರಿದ ಎಳೆಯನ್ನು ಗಂಟು ಹಾಕತೊಡಗಿದಳು.

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ನರ್ಸಮ್ಮ ಹೇಳಿದ ಆ ಒಬ್ಬರ ವಿಷಯ ನನಗೆ ಅದುವರೆಗೆ ಗೋಡೆಗೆ ಹಾಕಿದ ಪಟವಾಗಿತ್ತು. ಹೊರುವವರಿಗೆ ಭಾರವಿರುತ್ತದೆ ಎಂಬುದು ಹೊಳೆದದ್ದು ಆಗಲೇ. ಕರೆಂಟು ಅವತ್ತು ಎರಡು ಗಂಟೆ ಬರಲಿಲ್ಲ, ಅತ್ತೆಗೆ ಬೈಯಲು ಅಷ್ಟೂ ಹೊತ್ತು ನಿಶ್ಶಬ್ದ ಸಿಕ್ಕಿತು. ನನ್ನನ್ನು ಬೈದು ಮುಗಿಸಿ, ಸುಮ್ಮನಿದ್ದುದಕ್ಕೆ ಅಕ್ಕನನ್ನೂ ಬೈದರು. ಕರೆಂಟ್ ಬಂದಾಗ ಅಕ್ಕ ಮಣೆಗೂ ನಾನು ಕಂಡಿಕೆಗೂ ಹೋದೆವು.

ಮದುವೆಗೆ ಇಬ್ಬರೂ ಹೋಗಿದ್ದೆವು. ಬಿಳಿ ಸೀರೆಯಲ್ಲಿ ಆ ಹುಡುಗಿ ನಿಜಕ್ಕೂ ಲಕ್ಷಣವಾಗಿದ್ದಳು. ಸೆರಗಿನ ಮೂಲೆಯಲ್ಲಿ ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು ತಿಳಿ ಹಳದಿ ಉಳಿದಿತ್ತು. ಅಕ್ಕನೂ ನಾನೂ ಅದನ್ನೇ ನೋಡುತ್ತಿದ್ದೆವು. ಅದಾದ ಮೇಲೂ ಎರಡು ವಾರ ಅವಳದು ನನ್ನೊಡನೆ ಎಷ್ಟು ಬೇಕೋ ಅಷ್ಟೇ ಮಾತು. ನರ್ಸಮ್ಮನ ಕ್ಷಮೆ ಒಂದು ಗಳಿಗೆಯಲ್ಲಿ ಸಿಕ್ಕಿತ್ತು, ಇವಳ ಕೋಪ ಮುಗಿಯುವ ಲಕ್ಷಣ ಕಾಣಲಿಲ್ಲ. ಕೇಳಲು ನನಗೂ ಮುಖವಿರಲಿಲ್ಲ.

ಒಂದು ಬೆಳಿಗ್ಗೆ ಬೀದಿಬಾಗಿಲಿಂದ ಅವಳ ಕೂಗು ಕೇಳಿಸಿತು, "ಲೇ, ಬಾ ಇಲ್ಲಿ." ನೂಲು ಬಿಟ್ಟು ಹೋದೆ. ಮಣೆಯ ಮೇಲೆ ಇನ್ಯಾರದೋ ಮದುವೆಯ ಮೆಂತ್ಯ ಬಣ್ಣದ ಸೀರೆ ಹರಡಿತ್ತು. ಅಕ್ಕ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಬಿಟ್ಟು, ಅರಿಶಿನದ ಬಟ್ಟಲನ್ನು ನನ್ನ ಕಡೆ ನೂಕಿದಳು.

"ನೀನೇ ಹಚ್ಚು. ಬೆರಳು ಒರೆಸ್ಕೊಂಡು ಹಚ್ಚು" ಎಂದಳು.

ನಾನು ಸೆರಗಿನಲ್ಲಿ ಎರಡು ಸಲ ಒರೆಸಿಕೊಂಡೆ.