ಕರು ಬಿಡದೆ ಹಾಲು ಹಿಂಡಲು ಕೂತವನು

ಕೋವಿಡ್ ಕಳೆದು ವಿಮಾನಗಳೆಲ್ಲ ಮಾಮೂಲಾದ ಮೇಲೆ ನನ್ನ ಅತ್ತೆ ಗದಗದ ಹತ್ತಿರದ ಹಳ್ಳಿಯಿಂದ ಮೇರಿಲ್ಯಾಂಡಿನ ಜರ್ಮನ್‌ಟೌನಿನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿಗೆ ಬಂದರು. ಮದುವೆಯಾದ ಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿ ಇದ್ದದ್ದು ಅದೇ ಮೊದಲು. ಎರಡು ತಿಂಗಳಲ್ಲಿ ಒಮ್ಮೆಯೂ ಅವರು ನನ್ನನ್ನು ಬೈಯಲಿಲ್ಲ, ಹೊಗಳಲೂ ಇಲ್ಲ. ರೊಟ್ಟಿ ಹರಿದರೂ ಸುಮ್ಮನೆ, ಸಾರು ಕೆಟ್ಟರೂ ಸುಮ್ಮನೆ. ನಾನು ಮೈಸೂರಿನವಳು, ಮೂಗಿನ ತುದಿಯಲ್ಲೇ ಸಿಟ್ಟು. ಬೈಯುವವರ ಜೊತೆ ಜಗಳವಾಡಬಲ್ಲೆ, ಸುಮ್ಮನಿರುವವರ ಜೊತೆ ಏಗುವುದು ಹೇಗೆ? ಈಕೆಗೆ ನಾನು ಇಷ್ಟವೇ ಇಲ್ಲ ಎಂದುಕೊಂಡು ಒಳಗೊಳಗೇ ಕೊರಗುತ್ತಿದ್ದೆ.

ಅತ್ತೆಗೆ ಇಂಗ್ಲಿಷ್ ಬಾರದು. ಒಂದು ಮಧ್ಯಾಹ್ನ ಅವರಿಗೆಂದೇ ಹುಡುಕಿ, ಟಿವಿಯಲ್ಲಿ ನೂರು ವರ್ಷ ಹಳೆಯ ಮೂಕಿ ಚಿತ್ರವೊಂದನ್ನು ಹಾಕಿದೆ. ಪಟ್ಟಣದ ಟೋಪಿಯವನೊಬ್ಬ ಹಳ್ಳಿಗೆ ಬಂದು ಕೋಳಿಗೆ ಹೆದರಿ ಓಡುತ್ತಾನೆ, ಕೆಸರಲ್ಲಿ ಬೀಳುತ್ತಾನೆ, ಹಂದಿಯ ಬೆನ್ನೇರಿ ಬೇಲಿ ಮುರಿಯುತ್ತಾನೆ. ನಾನು ನಕ್ಕಿದ್ದೇ ನಕ್ಕಿದ್ದು. ಅತ್ತೆಯ ತುಟಿ ಮಾತ್ರ ಅಲ್ಲಾಡಲಿಲ್ಲ.

ಆಮೇಲೆ ಅವನು ಬಕೆಟ್ ಹಿಡಿದು ಹಸುವಿನ ಪಕ್ಕ ಕೂತ. ಅತ್ತೆ ಸೋಫಾದಿಂದ ಎದ್ದೇ ನಿಂತರು.

“ಏ ಹುಚ್ಚಪ್ಪಾ! ಮೊದಲ ಕರಾ ಬಿಡೋ! ಕರಾ ಬಾಯಿ ಹಚ್ಚಲಾರದ ಆಕಳಾ ಹಾಲು ಕೊಡತೈತೇನು? ಒದೀತೈತಿ ನೋಡು ಈಗ!”

ಒದೆಯಿತು! ಟೋಪಿ ಒಂದು ಕಡೆ, ಬಕೆಟ್ ಇನ್ನೊಂದು ಕಡೆ, ಅವನು ಹುಲ್ಲಿನ ರಾಶಿಯಲ್ಲಿ ತಲೆಕೆಳಗು. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಳಗೆ ಮೀಟಿಂಗಿನಲ್ಲಿದ್ದ ನನ್ನ ಗಂಡ ಗಾಬರಿಯಾಗಿ ಬಾಗಿಲು ತೆರೆದು ನೋಡಿದ.

“ನಾನೂ ಹಿಂಗ ಒದಿಸಿಕೊಂಡಿದ್ನೆವಾ,” ಎಂದರು ಅತ್ತೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. “ಆಗ ಹೊಸಾ ಸೊಸಿ. ನಮ್ಮ ತವರಮನ್ಯಾಗ ದನಾ ಇರಲಿಲ್ಲ, ಕರಾ ಬಿಡಬೇಕಂತ ನನಗೇನ ಗೊತ್ತು? ನಮ್ಮತ್ತಿ ಓಣಿ ಮಂದಿಗೆಲ್ಲಾ ಕೇಳೂಹಂಗ ಬೈದ್ರು. ಅವತ್ತ ಆಣಿ ಮಾಡೀನಿ, ನನ್ನ ಸೊಸಿಗೆ ಒಂದ ಮಾತೂ ಅನ್ನಂಗಿಲ್ಲಂತ.”

ಅಯ್ಯೋ ನನ್ನ ಬುದ್ಧಿಯೇ! ಎರಡು ತಿಂಗಳು ನಾನು ಸಿಟ್ಟು ಎಂದುಕೊಂಡದ್ದು ಈ ಆಣೆಯನ್ನು.

“ಅತ್ತೆ, ದಯವಿಟ್ಟು ಬೈದ್ಬಿಡಿ. ನೀವು ಸುಮ್ನಿದ್ರೆ ನಂಗೆ ಭಯ ಆಗುತ್ತೆ. ನಾನಂದ್ರೆ ನಿಮ್ಗೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ.”

ಅತ್ತೆ ನನ್ನನ್ನೇ ನೋಡಿದರು. ಆಮೇಲೆ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

“ಖರೇನ ಬೈಲೇನು?”

“ಹೂಂ, ಬೈರಿ.”

“ಹಂಗಾರ ಕೇಳು. ಸಾರಿಗೆ ಬೆಲ್ಲಾ ಯಾರರ ಹಾಕತಾರೇನ? ಅದೇನ ಸಾರೋ, ಪಾಯಸೋ? ಇನ್ನ ರೊಟ್ಟಿ! ನೀ ಬಡಿಯೂದಿಲ್ಲ, ಅದರ ಬೆನ್ನ ಸವರತಿ...”

ಸಂಜೆಯ ಅಡುಗೆ ಮುಗಿಯುವವರೆಗೂ ಬೈದರು. ಅತ್ತೆಯ ಬಾಯಿಂದ ಅಷ್ಟು ಬೈಸಿಕೊಂಡು ಅಷ್ಟು ಖುಷಿಪಟ್ಟ ಸೊಸೆ ಆ ದಿನ ಇಡೀ ಮೇರಿಲ್ಯಾಂಡಿನಲ್ಲಿ ನಾನೊಬ್ಬಳೇ ಇರಬೇಕು.